ಆರಿಸುವುದೋ ಕೆಡಿಸುವುದೋ? — ‘ಗಾರ್ಬಲ್’ ಎಂಬ ಇಂಗ್ಲಿಷ್ ಕ್ರಿಯಾಪದದ ವಿಚಾರ

ಇಂಗ್ಲಿಷ್ ನುಡಿಯ ಒಂದು ಸಣ್ಣ ಕ್ರಿಯಾಪದವನ್ನು ಕುರಿತು ಈ ಹೊತ್ತು ವಿಚಾರಮಾಡಬೇಕೆಂದು ಹೊರಟಿದ್ದೇವೆ. ‘ಗಾರ್ಬಲ್’ ಎಂಬುದೇ ಆ ಪದ. ಇದು ಇಂಗ್ಲಿಷಿನಲ್ಲಿ ಪದೇ ಪದೇ ಕಿವಿಗೆ ಬೀಳುವ ಪದವೇನೂ ಅಲ್ಲ. ಕಾಲೇಜಿನ ಪಾಠಗಳಲ್ಲಿ ಎಲ್ಲೋ ಒಮ್ಮೆ ಎದುರಾಗುತ್ತದೆ. ಉಪಾಧ್ಯಾಯನು ಒಂದು ಮಾತಿನಲ್ಲಿ ಅರ್ಥ ಹೇಳಿ ಮುಂದಕ್ಕೆ ಸಾಗುತ್ತಾನೆ. ವಿದ್ಯಾರ್ಥಿಯು ಪುಸ್ತಕದ ಅಂಚಿನಲ್ಲಿ ಅದನ್ನು ಗುರುತುಹಾಕಿಕೊಂಡು ಮರೆಯುತ್ತಾನೆ. ಇಂತಹ ಪದಕ್ಕೆ ಒಂದು ಭಾಷಣವನ್ನೇ ಮೀಸಲಿಡುವುದೇಕೆಂದು ಶ್ರೋತೃಗಳು ಕೇಳಬಹುದು. ನಾವಿರುವ ಚಿಕ್ಕಮಗಳೂರಿನಲ್ಲಿ ಇಂಗ್ಲಿಷಿನ ಒಂದಕ್ಷರವನ್ನೂ ಓದಲಾರದ ಎಷ್ಟೋ ಮಂದಿ ಹೆಂಗಸರು ಈ ಪದವನ್ನು ಆಡುತ್ತಾರೆ, ಮತ್ತು ಪದವೀಧರರಾದ ನಮಗಿಂತ ಅದರ ಹಳೆಯ ಅರ್ಥವನ್ನು ಚೆನ್ನಾಗಿ ಬಲ್ಲರು, ಎಂಬುದೇ ನಮ್ಮ ಉತ್ತರ. ಇದು ನಮಗೆ ಗೊತ್ತಾದ ಬಗೆ ಅಷ್ಟೇನೂ ಗೌರವ ತರುವಂಥದಲ್ಲ, ಆದರೂ ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಕೆಳಗೆ ಕಳಸದ ಕಡೆಯ ಹುಡುಗನೊಬ್ಬನು ನಮ್ಮ ತರಗತಿಯಲ್ಲಿ ಓದುತ್ತಿದ್ದನು. ಅವನ ತಂದೆಗೆ ಹೊಳೆಯ ಬದಿಯಲ್ಲಿ ಒಂದಿಷ್ಟು ಅಡಕೆಯ ತೋಟ, ಅದರ ಮೇಲಣ ಇಳಿಜಾರಿನಲ್ಲಿ ಐದಾರು ಎಕರೆ ಕಾಫಿ. ಆ ವರ್ಷದ ಬೆಳೆಯನ್ನು ಅವರು ಒಂದು ಕ್ಯೂರಿಂಗ್ ವರ್ಕ್ಸಿಗೆ ಕಳುಹಿಸಿದ್ದರು. ಅಲ್ಲಿಂದ ಲೆಕ್ಕದ ಕಾಗದ ಬಂದಿತು, ಎಲ್ಲವೂ ಇಂಗ್ಲಿಷಿನಲ್ಲಿ. ಬಂದ ಮಾಲಿನ ತೂಕ ಇಷ್ಟು, ಹೊಟ್ಟು ಕಳೆದ ಮೇಲೆ ಉಳಿದದ್ದು ಇಷ್ಟು, ಇಂತಿಂತಹ ದರ್ಜೆಗೆ ಇಷ್ಟಿಷ್ಟು ಎಂದು ಬರೆದು, ಕೆಳಗೆ ‘ಗಾರ್ಬ್ಲಿಂಗ್’ ಎಂಬ ಬಾಬಿನಲ್ಲಿ ಒಂದು ಮೊಬಲಗನ್ನು ಖರ್ಚು ಹಾಕಿದ್ದರು. ಹುಡುಗನು ಆ ಕಾಗದವನ್ನು ತಂದು ತೋರಿಸಿ, ‘ಸಾರ್, ಈ ಪದಕ್ಕೆ ಅರ್ಥವೇನು?’ ಎಂದು ಕೇಳಿದನು. ನಾವು ನಿಘಂಟನ್ನು ತೆರೆದುನೋಡುವ ಗೋಜಿಗೂ ಹೋಗಲಿಲ್ಲ. ‘ಗಾರ್ಬಲ್ ಎಂದರೆ ಇದ್ದುದನ್ನು ಇದ್ದಹಾಗೆ ಬಿಡದೆ ಹಿಂದುಮುಂದು ಮಾಡಿ ಕೆಡಿಸುವುದು, ಕಲಸುಮೇಲೋಗರ ಮಾಡುವುದು’ ಎಂದುಬಿಟ್ಟೆವು.

ನಾವು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಣ್ಣ ನಿಘಂಟುಗಳು ಮುಂದಿಡುವ ಅರ್ಥ ಅದೇ. ಹುಡುಗನು ಊರಿಗೆ ಹೋಗಿ ತಂದೆಗೆ ಹಾಗೆಯೇ ಹೇಳಿದನು. ಮಗ ಕಾಲೇಜಿನಲ್ಲಿ ಓದುತ್ತಾನೆ, ಮೇಷ್ಟರನ್ನೇ ಕೇಳಿಕೊಂಡು ಬಂದಿದ್ದಾನೆ. ಇನ್ನು ಸಂಶಯಕ್ಕೆ ಎಡೆಯೆಲ್ಲಿ? ತಮ್ಮ ಕಾಫಿಯನ್ನು ಕಂಡವರ ಕಾಫಿಯೊಡನೆ ಬೆರಸಿ ಕೆಡಿಸಿದ್ದಲ್ಲದೆ, ಕೆಡಿಸಿದ ಕೂಲಿಯನ್ನೂ ತಮ್ಮ ತಲೆಗೇ ಕಟ್ಟಿದ್ದಾರೆಂದು ಗೌಡರು ತಿಳಿದರು. ನೆರೆಯ ನಾಲ್ಕು ಮಂದಿ ಸಣ್ಣ ಬೆಳೆಗಾರರೊಡನೆಯೂ ಹಾಗೆಂದು ಹೇಳಿ, ಮಾರನೆಯ ದಿನ ಮೊದಲ ಬಸ್ಸಿಗೇ ಜಗಳಕ್ಕೆಂದು ಹೊರಟರು.

ಅಂದು ಸಂಜೆ ಅವರು ನೆಟ್ಟಗೆ ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕುಳಿತು, ಕೊಟ್ಟ ನೀರನ್ನು ಕುಡಿದು, ಮೆಲ್ಲಗೆ ಹೇಳಿದರು: ‘ಮೇಷ್ಟ್ರೇ, ನೀವು ಓದಿದೋರು. ಆದ್ರೆ ನೀವು ಹೇಳಿ ಕಳ್ಸಿದ್ದಕ್ಕೂ ನಾನು ಅಲ್ಲಿ ಕಂಡಿದ್ದಕ್ಕೂ ತಾಳೇನೇ ಇಲ್ಲ. ಹೆಂಗಸ್ರು ಸಾಲಾಗಿ ಕೂತ್ಕಂಡು ಕಾಳು ಆರಿಸ್ತಿದ್ರು. ಏನ್ ಮಾಡ್ತಿದೀರವ್ವ ಅಂತ ಕೇಳ್ದೆ. ಗಾರ್ಬ್ಲಿಂಗ್ ಗೌಡ್ರೇ ಅಂದ್ರು. ಕೆಟ್ಟ ಕಾಳು ತೆಗ್ದು ಒಳ್ಳೇದು ಉಳ್ಸೋದು ಕೆಡ್ಸೋದು ಹೆಂಗಾಗ್ತದೆ, ನೀವೇ ಹೇಳಿ.’

ನಮ್ಮಲ್ಲಿ ಉತ್ತರವಿರಲಿಲ್ಲ. ಗೌಡರು ಅಲ್ಲಿ ಗುಮಾಸ್ತರ ಮುಂದೆ ಆಡಬಾರದ ಮಾತನ್ನು ಆಡಿ, ಆಮೇಲೆ ತಲೆತಗ್ಗಿಸಿ ಬಂದಿದ್ದರು. ಇನ್ನು ಊರಿಗೆ ಹೋಗಿ ಆ ನಾಲ್ಕು ಮಂದಿಯ ಮುಂದೆಯೂ ತಪ್ಪನ್ನು ಒಪ್ಪಿಕೊಳ್ಳಬೇಕಾಗಿತ್ತು. ಎಲ್ಲಕ್ಕಿಂತ ನಮ್ಮನ್ನು ನೋಯಿಸಿದ್ದೆಂದರೆ, ಆ ಹುಡುಗನು ಅಲ್ಲಿಂದ ಮುಂದೆ ಬಹುದಿನ ತರಗತಿಯಲ್ಲಿ ಯಾವ ಪದದ ಅರ್ಥವನ್ನೂ ನಮ್ಮನ್ನು ಕೇಳಲಿಲ್ಲ. ಆ ರಾತ್ರಿಯೇ ದೊಡ್ಡ ನಿಘಂಟುಗಳನ್ನು ಕೆಳಗಿಳಿಸಿದೆವು. ಅಲ್ಲಿ ಕಂಡದ್ದನ್ನೂ, ಆಮೇಲೆ ಕಾಫಿಯವರಿಂದ ಕೇಳಿ ತಿಳಿದದ್ದನ್ನೂ ಈಗ ನಿವೇದಿಸುತ್ತೇವೆ.

ಮೊದಲು ವಸ್ತುವನ್ನು ನೋಡೋಣ. ಪದದ ವಿಚಾರ ಆಮೇಲಾಗಲಿ. ಈ ಸೀಮೆಯಲ್ಲಿ ಅರೇಬಿಕಾ ಕಾಫಿಯ ಹಣ್ಣು ಹೆಚ್ಚಾಗಿ ನವೆಂಬರಿನಿಂದ ಜನವರಿಯವರೆಗೆ ಕೊಯ್ಲಿಗೆ ಬರುತ್ತದೆ. ರೊಬಸ್ಟಾ ಅದರ ಬೆನ್ನಿಗೇ ಬರುತ್ತದೆ. ಕೊಯ್ದ ಹಣ್ಣನ್ನು ಇದ್ದಹಾಗೆಯೇ ಕಣದಲ್ಲಿ ಹರಡಿ ಒಣಗಿಸಿದರೆ ಅದು ‘ಚೆರ್ರಿ’. ಕೊಯ್ದ ದಿನವೇ ಪಲ್ಪರ್ ಯಂತ್ರಕ್ಕೆ ಹಾಕಿ ಮೇಲಿನ ಕೆಂಪು ಸಿಪ್ಪೆಯನ್ನು ಕಳೆದು, ಬೀಜಕ್ಕೆ ಅಂಟಿದ ಲೋಳೆಯನ್ನು ಹೋಗಲಾಡಿಸಿ, ತೊಳೆದು ಒಣಗಿಸಿದರೆ ಅದು ‘ಪಾರ್ಚ್‌ಮೆಂಟ್’. ಬೀಜವನ್ನು ಸುತ್ತಿಕೊಂಡು ಉಳಿದಿರುವ ಬಿಳುಪಾದ ಗಡುಸು ಹೊಟ್ಟು ಹಿಂದಿನ ಕಾಲದ ಚರ್ಮಪತ್ರವನ್ನು ಹೋಲುವುದರಿಂದ ಆ ಹೆಸರು ಬಂದಿದೆ. ಬೆಳೆಗಾರನ ಕೆಲಸ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ಮಾಲು ಚೀಲಗಳಲ್ಲಿ ತುಂಬಿ ಚಿಕ್ಕಮಗಳೂರು, ಹಾಸನ, ಮಂಗಳೂರು ಮುಂತಾದ ಕಡೆಗಳ ಕ್ಯೂರಿಂಗ್ ವರ್ಕ್ಸುಗಳಿಗೆ ಇಳಿಯುತ್ತದೆ.

‘ಕ್ಯೂರ್’ ಎಂಬುದೂ ವಿದ್ಯಾರ್ಥಿಗೆ ಒಂದು ಬಲೆಯೇ ಸರಿ. ವೈದ್ಯನು ರೋಗವನ್ನು ಗುಣಪಡಿಸುವುದೂ ಕ್ಯೂರ್, ಹೊಗೆಸೊಪ್ಪನ್ನು ಹದಮಾಡುವುದೂ ಕ್ಯೂರ್, ಕಾಫಿಯನ್ನು ಪೇಟೆಗೆ ಅಣಿಗೊಳಿಸುವುದೂ ಕ್ಯೂರ್. ಮಲೆನಾಡಿನಲ್ಲಿ ಚಳಿಜ್ವರ ಮನೆಮನೆಯನ್ನೂ ಕಾಡುತ್ತಿದ್ದ ಕಾಲದಲ್ಲಿ ಈ ಪದದ ಎರಡು ಅರ್ಥಗಳೂ ಇಲ್ಲಿಯವರಿಗೆ ಒಟ್ಟಿಗೇ ಬೇಕಾಗಿದ್ದಿರಬೇಕು. ಮೂಲದಲ್ಲಿ ಲ್ಯಾಟಿನ್ನಿನ ‘ಕೂರಾ’, ಎಂದರೆ ಆರೈಕೆ. ಅದರ ಕಥೆ ಬೇರೊಂದು ದಿನಕ್ಕಿರಲಿ.

ವರ್ಕ್ಸಿನಲ್ಲಿ ಯಂತ್ರವು ಹೊಟ್ಟನ್ನು ಬಿಡಿಸುತ್ತದೆ, ಕಾಳನ್ನು ಉಜ್ಜಿ ನುಣುಪುಮಾಡುತ್ತದೆ. ಆಮೇಲೆ ಜರಡಿಗಳ ಸರದಿ. ೬.೬೫ ಮಿಲಿಮೀಟರ್ ಅಳತೆಯ ಕಣ್ಣುಗಳುಳ್ಳ ಜರಡಿಯ ಮೇಲೆ ನಿಂತ ಕಾಳು ‘ಎ’ ದರ್ಜೆಯದು. ಅದರ ಕೆಳಗೆ ಜಾರಿದ್ದು ‘ಬಿ’, ಇನ್ನೂ ಸಣ್ಣದು ‘ಸಿ’. ಹಣ್ಣಿನೊಳಗೆ ಎರಡು ಬೀಜಗಳಿಗೆ ಬದಲಾಗಿ ಒಂದೇ ಬೆಳೆದು ಗುಂಡಗಾದರೆ ಅದನ್ನು ‘ಪೀಬೆರಿ’ ಎಂದು ಬೇರೆ ಇಡುತ್ತಾರೆ. ಇಷ್ಟೆಲ್ಲ ಆದರೂ ಕೆಲಸ ಮುಗಿಯಲಿಲ್ಲ. ಜರಡಿಯು ಅಳತೆಯನ್ನು ಬಲ್ಲದು, ಗುಣವನ್ನು ಅರಿಯದು. ಒಳ್ಳೆಯ ಕಾಳಿನಷ್ಟೇ ದಪ್ಪವಾದ ಕಪ್ಪುಗಾಳು, ಪಲ್ಪರಿನ ಹಲ್ಲಿಗೆ ಸಿಕ್ಕಿ ಕಡಿದುಹೋದ ಕಾಳು, ಹುಳು ತೂತುಮಾಡಿದ ಕಾಳು, ಕಣದಲ್ಲಿ ಮಂಜಿಗೋ ಮಳೆಗೋ ಸಿಕ್ಕಿ ಬಿಳಿಚಿದ ಕಾಳು, ಇವೆಲ್ಲವೂ ‘ಎ’ ದರ್ಜೆಯ ರಾಶಿಯಲ್ಲಿ ಧೈರ್ಯವಾಗಿ ಕುಳಿತಿರುತ್ತವೆ. ಹುದುಗು ಮೀರಿ ಒಳಗೇ ಕೊಳೆತ ಒಂದೇ ಒಂದು ಕಾಳು ಹುರಿದು ಪುಡಿಮಾಡಿದ ಕಾಫಿಯಲ್ಲಿ ಸೇರಿದರೆ ಸಾಕು, ಲೋಟದ ರುಚಿಯೆಲ್ಲ ಹೋಯಿತು. ಆದುದರಿಂದ ಕಣ್ಣು ಮತ್ತು ಕೈ ಬೇಕು. ರಾಶಿಯನ್ನು ಮುಂದೆ ಹರಡಿಕೊಂಡು ಕುಳಿತ ಹೆಂಗಸರು ಕಾಳುಕಾಳಾಗಿ ನೋಡಿ ಕೆಟ್ಟದ್ದನ್ನು ಬದಿಗೆ ಸರಿಸುತ್ತಾರೆ. ಇದೇ ಗಾರ್ಬ್ಲಿಂಗ್. ಬಣ್ಣವನ್ನು ನೋಡಿ ಕಾಳನ್ನು ಬೇರ್ಪಡಿಸುವ ವಿದ್ಯುದ್ಯಂತ್ರಗಳು ಈಗ ಬಂದಿವೆ. ದೊಡ್ಡ ವರ್ಕ್ಸುಗಳಲ್ಲಿ ಬಹುಪಾಲು ಕೆಲಸವನ್ನು ಅವೇ ಮಾಡುತ್ತವೆ. ಆದರೂ ಕೈಯಿಂದ ಆರಿಸುವುದು ನಿಂತಿಲ್ಲ. ಯಂತ್ರದಿಂದ ಆರಿಸಿದಾಗಲೂ ಹೆಸರು ಗಾರ್ಬ್ಲಿಂಗ್ ಎಂದೇ. ಹೀಗೆ ತೆಗೆದ ಕಪ್ಪುಗಾಳು, ಕಂದುಗಾಳು, ಮುರುಕುಗಳನ್ನೂ ಎಸೆಯುವುದಿಲ್ಲ; ಅವೂ ‘ಬಿ. ಬಿ. ಬಿ.’ ಎಂಬ ಹೆಸರಿನಲ್ಲಿ ಅಗ್ಗವಾಗಿ ಬಿಕರಿಯಾಗುತ್ತವೆ. ಅವು ಎಲ್ಲಿಗೆ ಹೋಗುತ್ತವೆಂಬುದನ್ನು ಹೋಟೆಲಿನ ಕಾಫಿಯನ್ನು ಮೆಚ್ಚುವವರು ವಿಚಾರಿಸದಿರುವುದೇ ಲೇಸು.

ಇಷ್ಟು ಕಾಫಿಯ ಕಡೆಯ ಸಾಕ್ಷ್ಯ. ಇನ್ನು ಇಂಗ್ಲಿಷ್ ಪುಸ್ತಕಗಳ ಕಡೆಯ ಸಾಕ್ಷ್ಯವೇನು? ಈಗಿನ ಇಂಗ್ಲಿಷಿನಲ್ಲಿ ‘ಗಾರ್ಬಲ್’ ಎಂಬುದರ ಕರ್ಮಪದ ಸಾಮಾನ್ಯವಾಗಿ ಮಾತು, ಸುದ್ದಿ, ಬರಹ, ವೃತ್ತಾಂತ, ಇವುಗಳಲ್ಲಿ ಒಂದಾಗಿರುತ್ತದೆ. ಹೇಳಿದವನೊಬ್ಬ, ಕೇಳಿದವನೊಬ್ಬ, ನಡುವೆ ಏನೋ ಆಗಿ ಮಾತು ಗುರುತುಸಿಕ್ಕದಂತಾದರೆ ಅದು ‘ಗಾರ್ಬಲ್ಡ್ ಮೆಸೇಜ್’. ತಂತಿ ಕಚೇರಿಗಳಿದ್ದ ಕಾಲದಲ್ಲಿ ಇದು ಎಲ್ಲರಿಗೂ ಅನುಭವಸಿದ್ಧ. ನಮ್ಮ ದೇಶದಲ್ಲಿ ೨೦೧೩ರ ಜುಲೈ ತಿಂಗಳಿನಲ್ಲಿ ತಂತಿಯ ವ್ಯವಸ್ಥೆ ನಿಂತುಹೋಯಿತು. ಅದರೊಡನೆ ಎಷ್ಟೋ ಬಗೆಯ ಗಾರ್ಬಲ್ಲುಗಳೂ ನಿಂತವು. ರೇಡಿಯೋ ಶ್ರೋತೃಗಳಿಗಂತೂ ಇದನ್ನು ವಿವರಿಸಬೇಕಾದುದೇ ಇಲ್ಲ. ಮಳೆಗಾಲದ ಸಂಜೆ, ಕುದುರೆಮುಖದ ಮೇಲೆ ಗುಡುಗು ಉರುಳುತ್ತಿರುವಾಗ, ಭಾಷಣಕಾರನ ಮಾತಿನಲ್ಲಿ ಮೂರು ಪದ ಕೇಳಿ ನಾಲ್ಕು ಪದ ಕೊಚ್ಚಿಹೋದರೆ, ಆ ಭಾಷಣ ಗಾರ್ಬಲ್ ಆಯಿತು. ಪಾಪ, ಕೆಲವು ಭಾಷಣಗಳು ಗುಡುಗಿಲ್ಲದೆಯೂ ಹಾಗಾಗುತ್ತವೆ.

ಒಂದೇ ಪದ, ಒಂದು ಕಡೆ ಹಸನುಮಾಡುವುದು, ಇನ್ನೊಂದು ಕಡೆ ಕೆಡಿಸುವುದು. ಇವೆರಡೂ ಬೇರೆ ಬೇರೆ ಪದಗಳಿರಬಹುದೆ, ಉಚ್ಚಾರಣೆ ಮಾತ್ರ ಆಕಸ್ಮಿಕವಾಗಿ ಒಂದಾಗಿರಬಹುದೆ, ಎಂದು ನಾವು ಮೊದಲು ಊಹಿಸಿದೆವು. ಕನ್ನಡದಲ್ಲಿ ಹಾಗಾಗುವುದುಂಟು. ‘ಅಕ್ಕಿ ಆರಿಸು’ ಎಂಬಲ್ಲಿಯೂ ‘ದೀಪ ಆರಿಸು’ ಎಂಬಲ್ಲಿಯೂ ಕಿವಿಗೆ ಕೇಳುವುದು ಒಂದೇ. ಆದರೆ ಮೊದಲನೆಯದು ‘ಆಯ್’ ಎಂಬುದರ ಬಳಗ, ಎರಡನೆಯದು ‘ಆರು’ ಎಂಬುದರ ಬಳಗ. ಆದರೆ ‘ಗಾರ್ಬಲ್’ ವಿಚಾರದಲ್ಲಿ ನಮ್ಮ ಊಹೆ ತಪ್ಪಾಯಿತು. ಅದು ಒಂದೇ ಪದ. ಅರ್ಥಗಳನ್ನು ಹುಟ್ಟಿದ ಕ್ರಮದಲ್ಲಿ ಕೊಡುವ ಆಕ್ಸ್‌ಫರ್ಡ್ ಮಹಾನಿಘಂಟನ್ನು ನೋಡಿದರೆ ಕಾಫಿಯವರ ಅರ್ಥವೇ ಹಿರಿಯದು, ನಮ್ಮ ಕಾಲೇಜಿನ ಅರ್ಥ ಕಿರಿಯದು. ನಾವು ಹುಡುಗನಿಗೆ ಮೊಮ್ಮಗನ ಹೆಸರನ್ನು ಹೇಳಿ, ಅದೇ ಅಜ್ಜನ ಹೆಸರೂ ಹೌದೆಂಬುದನ್ನು ಮುಚ್ಚಿಟ್ಟಂತಾಗಿತ್ತು.

ಪದದ ಮೂಲ ಅರಬ್ಬೀ ಭಾಷೆಯಲ್ಲಿದೆ. ಅಲ್ಲಿ ‘ಘಿರ್ಬಾಲ್’ ಎಂದರೆ ಜರಡಿ. ‘ಘರ್ಬಲ’ ಎಂದರೆ ಜರಡಿಹಿಡಿದನು. ಮಧ್ಯಯುಗದಲ್ಲಿ ನಮ್ಮ ಮಲೆಯಾಳ ಸೀಮೆಯ ಮೆಣಸು, ಶುಂಠಿ, ಏಲಕ್ಕಿಗಳು ಅರಬ್ಬೀ ವರ್ತಕರ ಕೈಯಿಂದ ಇಟಲಿಯ ವರ್ತಕರ ಕೈಗೆ ಸೇರುತ್ತಿದ್ದುವಷ್ಟೆ. ದೂರದಿಂದ ಬಂದ ಸಾಂಬಾರ ಪದಾರ್ಥಗಳಲ್ಲಿ ಮಣ್ಣು, ಕಡ್ಡಿ, ಜೊಳ್ಳು ಬೆರೆತಿರುವುದು ಸಹಜ. ಕೊಳ್ಳುವವನು ಜರಡಿಹಿಡಿಯದೆ ಕೊಳ್ಳನು. ಹೀಗೆ ಸರಕಿನೊಡನೆ ಕ್ರಿಯೆಯೂ, ಕ್ರಿಯೆಯೊಡನೆ ಕ್ರಿಯಾಪದವೂ ಸಮುದ್ರವನ್ನು ದಾಟಿದವು. ಇಟಾಲಿಯನ್ ಭಾಷೆಯಲ್ಲಿ ಅದು ‘ಗಾರ್ಬೆಲ್ಲಾರೆ’ ಆಯಿತು; ಅಲ್ಲಿಂದ ಇಂಗ್ಲೆಂಡಿನ ವರ್ತಕರ ಫ್ರೆಂಚಿಗೆ, ೧೫ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಲಂಡನ್ ನಗರದಲ್ಲಿ ‘ಗಾರ್ಬ್ಲರ್’ ಎಂಬ ಅಧಿಕಾರಿಯೇ ಇದ್ದನು; ಅಂಗಡಿ ಉಗ್ರಾಣಗಳನ್ನು ಹೊಕ್ಕು ಮೆಣಸು ಶುಂಠಿಗಳನ್ನು ಪರೀಕ್ಷಿಸಿ ಹೊಲಸನ್ನು ತೆಗೆಸುವುದು ಅವನ ಕರ್ತವ್ಯ. ಒಂದನೆಯ ಜೇಮ್ಸ್ ದೊರೆಯ ಆಳ್ವಿಕೆಯ ಮೊದಲ ವರ್ಷಗಳಲ್ಲಿಯೇ, ೧೬೦೩-೦೪ರ ಪಾರ್ಲಿಮೆಂಟಿನಲ್ಲಿ, ಸಾಂಬಾರ ಪದಾರ್ಥಗಳನ್ನು ಚೆನ್ನಾಗಿ ಗಾರ್ಬಲ್ ಮಾಡುವುದಕ್ಕೆಂದೇ ಒಂದು ಶಾಸನವಾಯಿತು. ನಮ್ಮ ವಿದ್ಯಾರ್ಥಿಯು ಆ ಶಾಸನದ ಹೆಸರನ್ನು ಈಗಿನ ಅರ್ಥದಲ್ಲಿ ಅನುವಾದಿಸಿದರೆ, ಪಾರ್ಲಿಮೆಂಟು ಕಲಬೆರಕೆಗೆ ಅಪ್ಪಣೆಕೊಟ್ಟಿತೆಂದು ಬರೆದಾನು.

ಅರಬ್ಬರಿಗಾದರೂ ಈ ಪದ ಎಲ್ಲಿಂದ ಬಂದಿತು? ಲ್ಯಾಟಿನ್ನಿನಲ್ಲಿ ಸಣ್ಣ ಜರಡಿಗೆ ‘ಕ್ರಿಬೆಲ್ಲುಂ’ ಎಂದು ಹೆಸರಿತ್ತು. ಅದನ್ನೇ ಅರಬ್ಬರು ತೆಗೆದುಕೊಂಡಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಾದರೆ ರೋಮಿನ ಜರಡಿ ಅರೇಬಿಯವನ್ನು ಸುತ್ತಿ ಮತ್ತೆ ಇಟಲಿಗೇ ಬಂದಂತಾಯಿತು. ಆ ಲ್ಯಾಟಿನ್ ಪದದ ಬಳಗವನ್ನು ನೋಡಿದರಂತೂ ಆಶ್ಚರ್ಯವಾಗುತ್ತದೆ. ಬೇರ್ಪಡಿಸು, ಸೋಸು ಎಂಬ ಅರ್ಥದ ಅದೇ ಪ್ರಾಚೀನ ಧಾತುವಿನಿಂದ ಗ್ರೀಕಿನಲ್ಲಿ ‘ತೀರ್ಪುಕೊಡು’ ಎಂಬ ಕ್ರಿಯಾಪದ ಹುಟ್ಟಿತು; ಅದರಿಂದ ಇಂಗ್ಲಿಷಿನ ‘ಕ್ರಿಟಿಕ್’, ‘ಕ್ರೈಸಿಸ್’ ಎಂಬ ಪದಗಳು ಬಂದವು. ಲ್ಯಾಟಿನ್ನಿನ ಕಡೆಯಿಂದ ‘ಡಿಸರ್ನ್’ ಬಂದಿತು. ಕಾವ್ಯವಿಮರ್ಶಕನೂ ಗಾರ್ಬ್ಲಿಂಗಿನ ಹೆಂಗಸೂ ಹಳೆಯ ನಂಟರು! ನಮ್ಮಲ್ಲಿಯೂ ಹಾಗೆಯೇ. ‘ವಿವೇಕ’, ‘ವಿವೇಚನೆ’ ಎಂಬ ಘನವಾದ ಪದಗಳ ಬುಡದಲ್ಲಿರುವ ‘ವಿಚ್’ ಎಂಬ ಸಂಸ್ಕೃತಧಾತುವಿಗೆ ಮೊದಲಿನ ಅರ್ಥ ಬೇರ್ಪಡಿಸುವುದು, ಅದರಲ್ಲಿಯೂ ಕಾಳಿನಿಂದ ಹೊಟ್ಟನ್ನು ಬೇರ್ಪಡಿಸುವುದು. ತತ್ತ್ವಶಾಸ್ತ್ರವು ಅಜ್ಜಿಯ ಮೊರದಿಂದ ಒಂದೆರಡು ಪದಗಳನ್ನು ಸಾಲ ತೆಗೆದುಕೊಂಡಿದೆ.

ಕಾಫಿಗೂ ಅರೇಬಿಯವೇ ತವರುದಾರಿ. ೧೭ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮೆನ್ ದೇಶದ ಮೋಖಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯವನ್ನು ಇಲ್ಲಿ ತಿಳಿಯದವರಿಲ್ಲ. ಆ ಬೀಜ ಅರಬ್ಬೀ ಸಮುದ್ರವನ್ನು ನೇರವಾಗಿ ದಾಟಿ ಇಲ್ಲಿಗೆ ಬಂದಿತು. ‘ಘರ್ಬಲ’ ಎಂಬ ಪದ ಪಶ್ಚಿಮಕ್ಕೆ ಹೊರಟು, ಇಟಲಿ ಫ್ರಾನ್ಸುಗಳಲ್ಲಿ ವೇಷವನ್ನು ಬದಲಾಯಿಸಿ, ಲಂಡನ್ನಿನ ಮೆಣಸಿನ ಪೇಟೆಯಲ್ಲಿ ಕೆಲವು ಶತಮಾನ ದುಡಿದು, ಇಂಗ್ಲಿಷ್ ವರ್ತಕರ ಮತ್ತು ತೋಟಗಾರರ ಬಾಯಲ್ಲಿ ಈ ಬೆಟ್ಟಗಳನ್ನು ಹತ್ತಿತು. ಕ್ಯಾನನ್ ಎಂಬಾತನು ಚಿಕ್ಕಮಗಳೂರಿನ ಹತ್ತಿರ ೧೮೩೦ರ ಸುಮಾರಿಗೆ ತೋಟವನ್ನೆಬ್ಬಿಸಿದನು. ಅವನ ಹಿಂದೆ ಅನೇಕರು ಬಂದರು. ಬೀಜ ಒಂದು ದಾರಿಯಲ್ಲಿ, ಪದ ಇನ್ನೊಂದು ದಾರಿಯಲ್ಲಿ ಬಂದು, ಇಂದು ಎರಡೂ ಆ ಹೆಂಗಸರ ಮುಂದಿನ ರಾಶಿಯಲ್ಲಿ ಕೂಡಿವೆ.

ಇನ್ನು ಮುಖ್ಯವಾದ ಪ್ರಶ್ನೆ ಉಳಿಯಿತು. ಗೌಡರು ಕೇಳಿದ ಪ್ರಶ್ನೆಯೇ ಅದು: ಕೆಟ್ಟದ್ದನ್ನು ತೆಗೆದು ಒಳ್ಳೆಯದನ್ನು ಉಳಿಸುವುದು ಕೆಡಿಸುವುದಾದದ್ದು ಹೇಗೆ?

ಜರಡಿಹಿಡಿಯುವುದೆಂದರೆ ಬೇಕಾದುದನ್ನು ಉಳಿಸಿಕೊಂಡು ಬೇಡವಾದುದನ್ನು ಬಿಡುವುದು. ಮೆಣಸಿನ ವಿಷಯದಲ್ಲಿ ‘ಬೇಕಾದುದು’ ಯಾವುದೆಂಬುದರಲ್ಲಿ ವಿವಾದವಿಲ್ಲ. ಕಲ್ಲು ಯಾರಿಗೂ ಬೇಡ. ಆದರೆ ಅದೇ ಜರಡಿಯನ್ನು ಮತ್ತೊಬ್ಬನ ಮಾತಿಗೆ ಹಿಡಿದರೆ? ೧೭ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷ್ ಲೇಖಕರು ಈ ಪದವನ್ನು ಹೊಸ ರೀತಿಯಲ್ಲಿ ಪ್ರಯೋಗಿಸತೊಡಗಿದರು. ಎದುರಾಳಿಯ ಗ್ರಂಥದಿಂದ ತನಗೆ ಅನುಕೂಲವಾದ ಮಾತುಗಳನ್ನು ಮಾತ್ರ ಆಯ್ದು, ಉಳಿದವನ್ನು ಬಿಟ್ಟು, ಇದೇ ಅವನ ಅಭಿಪ್ರಾಯವೆಂದು ಮುಂದಿಡುವವನು ಆ ಗ್ರಂಥವನ್ನು ‘ಗಾರ್ಬಲ್’ ಮಾಡಿದನೆಂದು ಹೇಳಿದರು. ಆಗ ಅದು ಬೇಕೆಂದೇ ಮಾಡಿದ ವಂಚನೆ. ಕಾಲಕ್ರಮದಲ್ಲಿ ‘ಬೇಕೆಂದೇ’ ಎಂಬ ಭಾಗವೂ ಸವೆದುಹೋಗಿ, ತಿಳಿಯದೆ ಆದರೂ ಸರಿಯೆ, ಯಂತ್ರದ ದೋಷದಿಂದ ಆದರೂ ಸರಿಯೆ, ಮಾತು ಛಿದ್ರವಾದರೆ ‘ಗಾರ್ಬಲ್’ ಎಂದಾಯಿತು. ಹುಡುಗನಿಗೆ ನಾವು ಹೇಳಿದ್ದು ಈ ಕೊನೆಯ ಮೆಟ್ಟಿಲನ್ನು ಮಾತ್ರ.

ಒಂದು ನಿದರ್ಶನವನ್ನು ಕೊಟ್ಟರೆ ಇದು ಸ್ಪಷ್ಟವಾಗುತ್ತದೆ. ತೋಟದ ಒಡೆಯನೊಬ್ಬನು ತನ್ನ ಹಳೆಯ ರೈಟರನಿಗೆ ಯೋಗ್ಯತಾಪತ್ರವನ್ನು ಬರೆದುಕೊಡುತ್ತಾನೆಂದು ಭಾವಿಸೋಣ: ‘ಕುಡಿಯದೆ ಇದ್ದ ದಿನಗಳಲ್ಲಿ ಇವನಷ್ಟು ನಂಬಿಕಸ್ಥನನ್ನು ನಾನು ಕಂಡಿಲ್ಲ.’ ರೈಟರನು ಮೊದಲ ಮೂರು ನಾಲ್ಕು ಪದಗಳನ್ನು ಜರಡಿಯ ಕೆಳಗೆ ಬಿಟ್ಟು, ‘ಇವನಷ್ಟು ನಂಬಿಕಸ್ಥನನ್ನು ನಾನು ಕಂಡಿಲ್ಲ’ ಎಂಬುದನ್ನು ಮಾತ್ರ ಹೊಸ ದೊರೆಗೆ ಓದಿಹೇಳಿದರೆ, ಅವನು ಒಂದು ಪದವನ್ನೂ ಸೇರಿಸಲಿಲ್ಲ. ಇದ್ದ ಪದಗಳೆಲ್ಲ ಒಡೆಯನವೇ. ಆದರೂ ಮಾತು ಕೆಟ್ಟಿತು. ಕಾಫಿಯ ಕಾಳುಗಳು ಬಿಡಿಬಿಡಿಯಾಗಿರುವುವು. ಒಂದ ತೆಗೆದರೆ ಉಳಿದವು ಇದ್ದಂತೆಯೇ ಇರುತ್ತವೆ, ರಾಶಿ ಇನ್ನಷ್ಟು ಶುದ್ಧವಾಗುತ್ತದೆ. ವಾಕ್ಯದ ಪದಗಳು ಹಾಗಲ್ಲ. ಒಂದಕ್ಕೊಂದು ಹೆಣೆದುಕೊಂಡಿರುವುವು, ಒಂದನ್ನು ಕಿತ್ತರೆ ಉಳಿದವುಗಳ ಅರ್ಥವೇ ಬೇರೆಯಾಗುತ್ತದೆ. ಕಾಳನ್ನು ಹಸನುಮಾಡುವ ಕ್ರಿಯೆಯೇ ಮಾತಿಗೆ ಬಂದಾಗ ಮಾತನ್ನು ಕೆಡಿಸಿತು. ಪದ ತಲೆಕೆಳಗಾಗಲಿಲ್ಲ, ಅದು ಕೆಲಸಮಾಡುವ ವಸ್ತು ಬದಲಾಯಿತು.

ಅರ್ಥವು ಹೀಗೆ ಒಳ್ಳೆಯದರಿಂದ ಕೆಟ್ಟದಕ್ಕೆ ಜಾರುವುದು ಇಂಗ್ಲಿಷಿಗೆ ಮಾತ್ರ ತಗುಲಿದ ರೋಗವಲ್ಲ. ಹಳಗನ್ನಡದಲ್ಲಿ ‘ನಾತ’ ಎಂದರೆ ಬರಿಯ ವಾಸನೆ, ಸುವಾಸನೆಯೂ ಆಗಬಹುದಾಗಿತ್ತು. ಹಳಗನ್ನಡ ಕವಿಗೆ ಹೂವು ಸಹ ‘ನಾರು’ವುದರಲ್ಲಿ ಸಂಕೋಚವಿರಲಿಲ್ಲ. ಇಂದು ಮದುವೆಯ ಮನೆಯಲ್ಲಿ ಮಲ್ಲಿಗೆ ನಾರುತ್ತಿದೆಯೆಂದರೆ ಯಜಮಾನರು ನಮ್ಮನ್ನು ಊಟಕ್ಕೆ ಕರೆಯುವುದಿಲ್ಲ. ಇಂಗ್ಲಿಷಿನ ‘ಸ್ಟಿಂಕ್’ ಎಂಬುದೂ ಹಿಂದೆ ಬರಿಯ ವಾಸನೆ ಬೀರುವುದೆಂಬ ಅರ್ಥದಲ್ಲಿ ನಡೆದು ಇದೇ ಹಾದಿಯನ್ನು ಹಿಡಿಯಿತು.

ಹೊಸ ಅರ್ಥ ಹುಟ್ಟಿತೆಂದು ಹಳೆಯದು ಸಾಯಬೇಕಾದ ಅಗತ್ಯವಿಲ್ಲ ಎಂಬುದಕ್ಕೆ ನಮ್ಮ ಮೆಣಸೇ ಸಾಕ್ಷಿ. ಮೂಡಿಗೆರೆ ಕಳಸಗಳ ಕಾಫಿತೋಟಗಳಲ್ಲಿ ನೆರಳಿನ ಮರಗಳಿಗೆ ಮೆಣಸಿನ ಬಳ್ಳಿಯನ್ನು ಹಬ್ಬಿಸುವುದು ವಾಡಿಕೆ. ಕಾಫಿಯ ಬೆಲೆ ಕುಸಿದ ವರ್ಷ ಎಷ್ಟೋ ಮನೆಗಳನ್ನು ಕಾಪಾಡಿದ್ದು ಈ ಬಳ್ಳಿಯೇ. ಕರಿಮೆಣಸಿನ ವ್ಯಾಪಾರದಲ್ಲಿ ‘ಮಲಬಾರ್ ಗಾರ್ಬಲ್ಡ್’, ‘ತೆಲ್ಲಿಚೆರಿ ಗಾರ್ಬಲ್ಡ್’ ಎಂಬ ದರ್ಜೆಗಳಿವೆ. ‘ಅನ್‌ಗಾರ್ಬಲ್ಡ್’ ಎಂಬುದೂ ಇದೆ. ಕಾಲೇಜಿನ ಅರ್ಥವನ್ನು ನಂಬಿ ಹೊರಟವನು ‘ಕೆಡಿಸದೆ ಇದ್ದದ್ದೇ ಉತ್ತಮ’ ಎಂದು ಅನ್‌ಗಾರ್ಬಲ್ಡ್ ಮೆಣಸನ್ನೇ ಹೆಚ್ಚು ಬೆಲೆಗೆ ಕೇಳಿಯಾನು. ಅವನಿಗೆ ಸಿಕ್ಕುವುದು ಆರಿಸದ, ಜೊಳ್ಳು ಕಡ್ಡಿಗಳುಳ್ಳ ಮಾಲು. ಇಲ್ಲಿ ‘ಅನ್’ ಎಂಬ ನಿಷೇಧಾರ್ಥಕ ಸೇರಿದ್ದರಿಂದಲೇ ಬೆಲೆ ಇಳಿಯುತ್ತದೆ.

ಪ್ರಯೋಗದ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಉಪಯೋಗವಾಗುವ ಒಂದೆರಡು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಈ ಕ್ರಿಯಾಪದ ಸಕರ್ಮಕ. ಆದರೆ ಬರವಣಿಗೆಯಲ್ಲಿ ‘ಗಾರ್ಬಲ್ಡ್’ ಎಂಬ ಕೃದಂತರೂಪದಲ್ಲಿಯೇ ಹೆಚ್ಚಾಗಿ ಕಾಣಿಸುತ್ತದೆ. ಮನುಷ್ಯನನ್ನಾಗಲಿ ಅಡುಗೆಯನ್ನಾಗಲಿ ‘ಗಾರ್ಬಲ್’ ಮಾಡಲಾಗದು. ‘ಮಳೆ ಕಾಫಿಯನ್ನು ಗಾರ್ಬಲ್ ಮಾಡಿತು’ ಎಂದು ಒಬ್ಬ ವಿದ್ಯಾರ್ಥಿ ಬರೆದಿದ್ದನು. ಮಳೆಗೆ ಅಷ್ಟು ಬುದ್ಧಿಯಿದ್ದಿದ್ದರೆ ಬೆಳೆಗಾರರಿಗೆ ಎಷ್ಟೋ ಕೂಲಿ ಉಳಿಯುತ್ತಿತ್ತು. ಸುಳ್ಳು ಹೇಳುವುದಕ್ಕೂ ಗಾರ್ಬಲ್ ಮಾಡುವುದಕ್ಕೂ ವ್ಯತ್ಯಾಸವಿದೆ: ಸುಳ್ಳುಗಾರನು ಇಲ್ಲದ್ದನ್ನು ತರುತ್ತಾನೆ, ಗಾರ್ಬಲ್ ಮಾಡುವವನು ಇದ್ದುದನ್ನು ಬಿಡುತ್ತಾನೆ ಅಥವಾ ಕಲಸುತ್ತಾನೆ. ಕನ್ನಡದ ಕಿವಿಗೆ ‘ಗಾರ್ಗಲ್’, ‘ಗ್ಯಾಬಲ್’, ‘ಗಾಬಲ್’ ಎಂಬ ಪದಗಳೂ ಇದರ ಜೊತೆಗೆ ಗೊಂದಲವೆಬ್ಬಿಸುತ್ತವೆ. ಮೊದಲನೆಯದು ಗಂಟಲಲ್ಲಿ ನೀರನ್ನು ಗಳಗಳಿಸುವುದು, ಎರಡನೆಯದು ಬಡಬಡನೆ ಮಾತನಾಡುವುದು, ಮೂರನೆಯದು ಗಬಗಬನೆ ತಿನ್ನುವುದು. ಅವುಗಳಿಗೂ ಜರಡಿಗೂ ನಂಟಿಲ್ಲ. ಕನ್ನಡಕ್ಕೆ ತರುವಾಗ ಒಂದೇ ಪದದಿಂದ ಕೆಲಸವಾಗದು. ಸರಕಿನ ಮಾತು ಬಂದರೆ ‘ಆರಿಸು’, ‘ಹಸನುಮಾಡು’ ಎನ್ನಬೇಕು. ವರದಿಯ ಮಾತು ಬಂದರೆ ‘ತಿರುಚು’, ‘ಅಂಗಚ್ಛೇದ ಮಾಡು’ ಎನ್ನಬಹುದು. ತಂತಿ ರೇಡಿಯೋಗಳ ಮಾತಾದರೆ ‘ಕಲಸಿಹೋಯಿತು’ ಎಂದರೆ ಸಾಕು. ಯಾವುದನ್ನು ಹಾಕಬೇಕೆಂಬುದನ್ನು ಪಕ್ಕದಲ್ಲಿರುವ ಕರ್ಮಪದವನ್ನು ನೋಡಿ ನಿಶ್ಚಯಿಸತಕ್ಕದ್ದು. ನಾವು ಆ ದಿನ ನೋಡದೆ ಬಿಟ್ಟದ್ದು ಅದನ್ನೇ: ಕಾಗದದ ತುಂಬ ಕಾಫಿಯಿತ್ತು, ಮಾತಿರಲಿಲ್ಲ.

ಮಾರನೆಯ ವಾರ ನಾವೇ ಕಳಸಕ್ಕೆ ಹೋದೆವು. ಗೌಡರು ಆ ನಾಲ್ಕು ಮಂದಿಯನ್ನೂ ಕರೆಸಿ ಕೂರಿಸಿದ್ದರು. ಹುಡುಗನು ಬಾಗಿಲ ಮರೆಯಲ್ಲಿ ನಿಂತಿದ್ದನು. ಅವನನ್ನು ಕರೆದು, ಅವರೆಲ್ಲರ ಎದುರಿಗೆ, ತಪ್ಪು ಅವನದಲ್ಲ ನಮ್ಮದೆಂದು ಹೇಳಿದೆವು. ಆಮೇಲೆ ಗೌಡರು ಆ ಲೆಕ್ಕದ ಕಾಗದವನ್ನು ತಂದು ಮುಂದಿಟ್ಟು, ‘ಈಗ ಕನ್ನಡದಲ್ಲಿ ಬರ್ದು ಕೊಡಿ ಮೇಷ್ಟ್ರೇ, ಮುಂದಿನ್ ವರ್ಷಕ್ಕೂ ಬೇಕಾಗ್ತದೆ’ ಎಂದರು. ಹುಡುಗನಿಂದಲೇ ಪೆನ್ನು ಹಿಡಿಸಿದೆವು. ಒಂದೊಂದು ಬಾಬಿನ ಪಕ್ಕದಲ್ಲಿಯೂ ಅವನು ಕನ್ನಡವನ್ನು ಬರೆಯುತ್ತ ಬಂದು, ಆ ಪದದ ಬಳಿ ನಿಂತು ನಮ್ಮ ಮುಖವನ್ನು ನೋಡಿದನು. ನಾವು ಅವನ ತಂದೆಯ ಮುಖವನ್ನು ನೋಡಿದೆವು. ‘ಕಾಳು ಆರಿಸಿದ ಕೂಲಿ’ ಎಂದು ಅವರು ಹೇಳಿದರು, ಅವನು ಬರೆದುಕೊಂಡನು.